ಗುತ್ಯಮ್ಮನ ಎರಡನೆಯ ಕೊಡ

ಆ ಬಾವಿಯ ಪ್ರಾರಂಭೋತ್ಸವ ನಡೆಯಿತೋ ಇಲ್ಲವೋ ಎಂದು ಯಾರಾದರೂ ಆಣೆ ಹಾಕಿಸಿ ಕೇಳಿದರೆ ನಾನು ತಡವರಿಸುತ್ತೇನೆ. ನಡೆಯಿತೆಂದು ಪತ್ರಿಕೆಗೆ ಬರೆದವನು ನಾನು. ನಡೆಯದೇ ಹೋದದ್ದನ್ನು ಬಿಸಿಲಿನಲ್ಲಿ ನಿಂತು ನೋಡಿದವನೂ ನಾನೇ. ಮೊದಲನೆಯದಕ್ಕೆ ಅಚ್ಚಾದ ಕಾಗದವಿದೆ, ಜೊತೆಗೆ ಇಡೀ ಊರಿನ ಸಾಕ್ಷಿಯಿದೆ. ಎರಡನೆಯದಕ್ಕೆ ಇರುವುದು ನನ್ನ ನೆನಪೊಂದೇ. ಕಾಲೇಜಿನಲ್ಲಿ ನಮಗೆ ಇತಿಹಾಸ ಕಲಿಸಿದವರ ಪ್ರಕಾರ ಇಂಥ ವ್ಯಾಜ್ಯದಲ್ಲಿ ಸೋಲಬೇಕಾದವನು ನಾನು.

ಹೋದ ತಿಂಗಳು ಶಿರಸಿಯ ಅಂಗಡಿಯೊಂದರ ಮುಂದೆ ತೆಂಗಿನ ನಾರಿನ ಹಗ್ಗದ ಸುರುಳಿಗಳನ್ನು ಇಳಿಸುತ್ತಿದ್ದರು. ಯಾವುದೋ ಒಂದು ಸುರುಳಿ ದಾರಿಯಲ್ಲಿ ಒದ್ದೆಯಾಗಿತ್ತು. ಹೊಸ ಹಗ್ಗ ನೀರು ಕುಡಿದಾಗ ಬರುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆ ಬೇಸಿಗೆ ತನ್ನ ಸಿಟ್ಟಿನ ಸಮೇತ ವಾಪಸು ಬಂತು.

ಸಾವಿರದ ಒಂಬೈನೂರ ಮೂವತ್ತಾರೋ ಮೂವತ್ತೇಳೋ ಇರಬೇಕು. ಧಾರವಾಡದಲ್ಲಿ ಬಿ.ಎ. ಮುಗಿಸಿ, ಮುಂದೇನು ಮಾಡಬೇಕೆಂದು ತಿಳಿಯದೆ, ಸೋದರಮಾವ ತಿಮ್ಮಪ್ಪಮಾವನ ಮನೆಯಲ್ಲಿ ಉಳಿದಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಈಗಲೂ ಜಗಳಕ್ಕೆ ಬರುವವರಿದ್ದಾರೆ. ಸಿದ್ದಾಪುರಕ್ಕೂ ಕಾನಸೂರಿಗೂ ನಡೆದೇ ಹೋಗಿಬರಬಹುದಾದ ಸಣ್ಣ ಪೇಟೆ. ಒಂದು ಶಾಲೆ, ಒಂದು ಟಪ್ಪಾಲು ಕಚೇರಿ, ಹತ್ತಿಪ್ಪತ್ತು ಅಂಗಡಿ, ಶುಕ್ರವಾರ ಸಂತೆ. ಅಂಥ ಊರಿನಲ್ಲಿ ಬಿ.ಎ. ಆದವನಿಗೆ ಏನು ಕೆಲಸ? ಸುಮ್ಮನೆ ಕೂತು ಎಲ್ಲರ ತಪ್ಪು ಹುಡುಕುತ್ತಾನೆ ಎಂದು ಮಾವನೇ ಯಾರಿಗೋ ಹೇಳಿ, ಶಿರಸಿಯಲ್ಲಿ ಅಚ್ಚಾಗುತ್ತಿದ್ದ ಒಂದು ವಾರಪತ್ರಿಕೆಗೆ ನನ್ನನ್ನು ಊರಿನ ಬಾತ್ಮೀದಾರನನ್ನಾಗಿ ಮಾಡಿಸಿದರು.

ಬಾತ್ಮಿ ಎಂದರೆ ಎಂಥ ಬಾತ್ಮಿ! ಇಂಥವರ ಎಮ್ಮೆಯನ್ನು ಹುಲಿ ಹಿಡಿಯಿತು. ಇಂಥವರ ಮಗ ಮುಲ್ಕಿ ಪರೀಕ್ಷೆಯಲ್ಲಿ ಪಾಸಾದ. ಇಂಥವರು ಕಾಶಿಯಾತ್ರೆ ಮುಗಿಸಿ ಕ್ಷೇಮವಾಗಿ ಮರಳಿದರು. ಹೆಸರು ಬಿಟ್ಟುಹೋದರೆ ಜಗಳ. ಹೆಸರಿಗೆ ‘ಶ್ರೀಮಾನ್’ ಹಚ್ಚದಿದ್ದರೆ ಇನ್ನೂ ದೊಡ್ಡ ಜಗಳ. ಇಬ್ಬರ ಹೆಸರೂ ‘ಶ್ರೀಮಾನ್’ ಸಮೇತ ಬಂದರೆ, ಯಾರದು ಮೊದಲು ಬಂತು ಎಂದು ಇಬ್ಬರೂ ಬೇರೆಬೇರೆ ಹೊತ್ತಿನಲ್ಲಿ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು.

ಇದಕ್ಕಿಂತ ವಿಚಿತ್ರವಾದದ್ದು ಬರೆಯುವ ಪದ್ಧತಿ. ಪತ್ರಿಕೆಯವರು ಗುರುವಾರ ಸಂಜೆ ಅಚ್ಚಿನ ಮೊಳೆ ಜೋಡಿಸಿ ಮುಗಿಸುತ್ತಿದ್ದರು. ನಮ್ಮೂರಿನವರು ಸಭೆ, ಸತ್ಕಾರ, ಕೀರ್ತನೆ ಏನೇ ಇಟ್ಟರೂ ಶುಕ್ರವಾರವೇ ಇಡುತ್ತಿದ್ದರು, ಸಂತೆಯ ಜನ ಕರೆಯದೆಯೇ ಸಿಗುತ್ತಾರೆಂದು. ನಡೆದ ಮೇಲೆ ಬರೆದು ಕಳಿಸಿದರೆ ಸುದ್ದಿ ಅಚ್ಚಾಗುವುದು ಮರುವಾರ. ಅಷ್ಟರಲ್ಲಿ ಅದು ಹಳಸಿರುತ್ತದೆಂದು ಸಂಪಾದಕರ ತಕರಾರು. ಅವರು ನನಗೆ ಬರೆದ ಮೊದಲ ಕಾಗದದಲ್ಲೇ ಅಪ್ಪಣೆಯಾಗಿತ್ತು: ಶುಕ್ರವಾರ ನಡೆಯಲಿರುವುದನ್ನು ನಡೆದುಹೋದಂತೆ ಬರೆದು ಗುರುವಾರ ಬೆಳಗಿನ ಮೋಟಾರಿಗೆ ಕಳಿಸತಕ್ಕದ್ದು, ನಮ್ಮ ಎಲ್ಲ ಬಾತ್ಮೀದಾರರೂ ಹೀಗೆಯೇ ಮಾಡುತ್ತಾರೆ. ನಾನೂ ಮಾಡಿದೆ. ಅಧ್ಯಕ್ಷರು ಸಮಯೋಚಿತವಾಗಿ ಮಾತನಾಡಿದರು, ಜನ ಕಿಕ್ಕಿರಿದು ನೆರೆದಿದ್ದರು, ವಂದನಾರ್ಪಣೆಯೊಂದಿಗೆ ಮುಕ್ತಾಯವಾಯಿತು ಎಂದು ಮೊದಲೇ ಬರೆದಿಟ್ಟುಕೊಂಡು, ಹೆಸರಿನ ಜಾಗ ಮಾತ್ರ ಖಾಲಿ ಬಿಡುತ್ತಿದ್ದೆ.

ಟಪ್ಪಾಲು ಮೋಟಾರು ಓಡಿಸುತ್ತಿದ್ದವನು ಯಲ್ಲಾಪುರದ ಖಾದರ್ ಸಾಬ. ಗುರುವಾರ ನಾನು ಲಕೋಟೆ ಕೊಡಲು ಹೋದಾಗಲೆಲ್ಲ ಕಿಟಕಿಯಿಂದ ತಲೆ ಹೊರಹಾಕಿ, “ಏನ್ ಬಿ.ಎ. ಸಾಹೇಬ್ರೆ, ನಾಳೆ ಏನೇನಾಯ್ತು?” ಎಂದು ಕೇಳುತ್ತಿದ್ದ. ಮೋಟಾರಿನಲ್ಲಿ ಕೂತವರೆಲ್ಲ ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು, ಆದರೆ ಲಕೋಟೆ ಕೊಟ್ಟೇ ಬರುತ್ತಿದ್ದೆ.

ಒಮ್ಮೆ ಕೀರ್ತನಕಾರರೊಬ್ಬರು ನಿಲ್ಕುಂದದ ಹತ್ತಿರ ಗಾಡಿಯ ಅಚ್ಚು ಮುರಿದು ನಮ್ಮೂರಿಗೆ ಬರಲೇ ಇಲ್ಲ. ಪತ್ರಿಕೆಯಲ್ಲಿ ಅವರ ಕೀರ್ತನೆ ಅಮೋಘವಾಗಿ ಜರುಗಿತ್ತು. ಮುಂದಿನ ಸಂತೆಯಲ್ಲಿ ಇಬ್ಬರು ನನ್ನ ಎದುರೇ ವಾದಿಸುತ್ತಿದ್ದರು, ಅವರ ಕಂಠ ಹೋದ ವರ್ಷದಷ್ಟು ಚೆನ್ನಾಗಿರಲಿಲ್ಲವೆಂದು ಒಬ್ಬ, ಇತ್ತೆಂದು ಇನ್ನೊಬ್ಬ. ಅವತ್ತೇ ನಾನು ಆ ಕೆಲಸ ಬಿಡಬೇಕಿತ್ತು.

ಬಾವಿಯ ವಿಷಯಕ್ಕೆ ಬರುತ್ತೇನೆ. ಊರಿನ ಕೆಳಗೆ, ಗದ್ದೆಬಯಲಿನ ಅಂಚಿಗೆ, ಹರಿಜನರ ಕೆಲವು ಮನೆಗಳಿದ್ದವು. ಅವರು ನೀರು ತರುತ್ತಿದ್ದ ಹಳ್ಳ ಶಿವರಾತ್ರಿ ಕಳೆಯುತ್ತಲೇ ಬತ್ತುತ್ತಿತ್ತು. ಅಲ್ಲಿಂದ ಮಳೆ ಬೀಳುವವರೆಗೆ ಮರಳು ತೋಡಿ, ಒರತೆ ತುಂಬುವುದನ್ನೇ ಕಾದು, ಕರಟದಲ್ಲಿ ಮೊಗೆದು ಕೊಡಕ್ಕೆ ಹೊಯ್ಯಬೇಕು. ಆ ವರ್ಷ ಸರಕಾರದ ಸಹಾಯದಿಂದ ಸಂತೆಬಯಲಿನ ಪಕ್ಕ ಹೊಸ ಬಾವಿ ಆಯಿತು. ಜಾತಿಭೇದವಿಲ್ಲದೆ ಎಲ್ಲರಿಗೂ ಎಂದು ಮಂಜೂರಾತಿಯಲ್ಲೇ ಷರತ್ತು. ಊರಿನವರ ಬಾವಿ ಸಮಿತಿಗೆ ತಿಮ್ಮಪ್ಪಮಾವನೇ ಅಧ್ಯಕ್ಷರು. ಚೌಕ ಬಾವಿ, ನಾಲ್ಕು ಬದಿಗೂ ಕರಿಕಲ್ಲಿನ ಕಟ್ಟೆ. ಮೂರು ಬದಿಗೆ ಕಬ್ಬಿಣದ ರಾಟೆ ಹಾಕಿದ್ದರು. ಪೂರ್ವದ ಬದಿಗೆ ಹಾಕಿರಲಿಲ್ಲ. ಯಾಕೆ ಎಂದು ಮಾವನನ್ನು ಕೇಳಿದೆ. “ಮೂರೇ ಬೈಂದು ತಮಾ” ಎಂದರು, ಬಂದದ್ದೇ ಮೂರಂತೆ. ನಾಲ್ಕನೆಯದನ್ನು ಯಾರೂ ತರಿಸಿರಲಿಲ್ಲ.

ಬಾವಿ ತೋಡುವಾಗ ಚಳಿಗಾಲವೆಲ್ಲ ಬುಟ್ಟಿಯಲ್ಲಿ ಮಣ್ಣು ಹೊತ್ತವರಲ್ಲಿ ಕೆಳಕೇರಿಯ ಗುತ್ಯಮ್ಮ ಒಬ್ಬಳು. ಐವತ್ತು ದಾಟಿದ ಹೆಂಗಸು, ಮಾತು ಜೋರು. ತಳದಲ್ಲಿ ಜಲ ಕಂಡ ದಿನ ಕೆಳಗಿಳಿದು, ಮೊಣಕಾಲುದ್ದ ಆ ನೀರಿನಲ್ಲೇ ನಿಂತು ಕೆಸರು ತುಂಬಿ ಮೇಲೆ ಕಳಿಸಿದ್ದಳು. ಅವತ್ತು ಮೈಲಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ಕಟ್ಟೆ ಕಟ್ಟಿ ಮುಗಿದ ಮರುದಿನದಿಂದ ಅವಳು ಅತ್ತ ಸುಳಿದರೆ ಸಾಕು, “ಏಯ್, ದೂರ!” ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಅವಳು ದಾರಿಯಲ್ಲಿ ನನ್ನನ್ನು ನಿಲ್ಲಿಸಿದಳು.

“ಒಡ್ಯಾ, ಸಾಲೆ ಕಲ್ತೋರು ನೀವು. ಈ ಬಾವಿ ನಮಗೂ ಹೌದಾ?”

“ಎಲ್ಲರಿಗೂ ಹೌದು ಗುತ್ಯಮ್ಮ. ಸರಕಾರದ ಹುಕುಮೇ ಇದೆ.”

“ಹುಕುಮು ನಂಗೆಂತಕ್ಕೆ? ನಾ ಕೊಡ ಇಳ್ಸಿದ್ರೆ ಯಾರೂ ಹಗ್ಗ ಕೊಯ್ಯೂದಿಲ್ಲ ಅಂತ ಹೇಳಿ, ಸಾಕು. ಮಗಳು ಹೆತ್ತು ಮಲಗ್ಯಾಳೆ. ಬಾಳಂತಿ ಮೀಸೂಕೆ ಒಂದ್ ಹಂಡೆ ನೀರು ಬೇಕು ಅಂದ್ರೆ ಹಳ್ಳಕ್ಕೆ ಐದ್ ಸಲ ಹೋಗ್ಬೇಕು. ಮೊನ್ನೆ ಬರೀ ಬಟ್ಟೆ ಒದ್ದೆ ಮಾಡಿ ಮೈ ಒರ್ಸೀನಿ. ಜ್ವರ ಬಂದೈತೆ.”

ಇಪ್ಪತ್ತೆರಡರ ವಯಸ್ಸು, ತಲೆಯ ತುಂಬ ಪುಸ್ತಕ. “ಪ್ರಾರಂಭದ ದಿನ ಮೊದಲ ಕೊಡವನ್ನು ನೀನೇ ಸೇದಬೇಕು. ನಾನು ಮಾಡಿಸುತ್ತೇನೆ” ಎಂದುಬಿಟ್ಟೆ. ಅವಳು ನನ್ನ ಮುಖವನ್ನೇ ನೋಡಿ, “ಹಂಗಾರೆ ಹೊಸಾ ಹಗ್ಗ ಹೊಸೀತೆ” ಎಂದು ಹೋದಳು.

ಮಾವನಿಗೆ ಹೇಳಿದೆ. ಅವರು ಎಲೆಯಡಿಕೆಯ ಕವಳ ಜಗಿಯುತ್ತ, “ಆತು, ನೋಡನ” ಎಂದರು. ನಮ್ಮ ಕಡೆ ಹಿರಿಯರು ಯಾರಿಗೂ ಇಲ್ಲ ಎನ್ನುವುದಿಲ್ಲ, ‘ನೋಡನ’ ಎನ್ನುತ್ತಾರೆ. ಹುಟ್ಟಿದಾಗಿನಿಂದ ಇದನ್ನು ಕೇಳಿ ಬೆಳೆದವನು ಅವತ್ತು ಮಾತ್ರ ಅದನ್ನು ಒಪ್ಪಿಗೆಯೆಂದು ತಿಳಿದೆ. ಗುರುವಾರ ಬೆಳಿಗ್ಗೆ ವರದಿ ಬರೆದೆ. ಸಿದ್ದಾಪುರದ ಮಾಮಲೇದಾರ ಸಾಹೇಬರು ಆಗಮಿಸಿದ್ದರು. ಶ್ರೀಮಾನ್ ತಿಮ್ಮಪ್ಪನವರು ಜಲದಾನದ ಮಹಿಮೆಯನ್ನು ಮನಮುಟ್ಟುವಂತೆ ವಿವರಿಸಿದರು. ಬಾವಿಯ ಮಣ್ಣು ಹೊತ್ತ ಗುತ್ಯಮ್ಮನೆಂಬಾಕೆ ಮೊದಲ ಕೊಡ ನೀರು ಸೇದಿದಳು. ನೆರೆದವರೆಲ್ಲರೂ ಆ ನೀರಿನಿಂದ ಮಾಡಿದ ಪಾನಕವನ್ನು ಸಂತೋಷದಿಂದ ಸ್ವೀಕರಿಸಿದರು. ಖಾದರ್ ಸಾಬ ಲಕೋಟೆ ಇಸಿದುಕೊಂಡು, “ನಾಳೆ ಚೆನ್ನಾಗಾಯ್ತಾ?” ಎಂದ. “ಬಹಳ ಚೆನ್ನಾಗಾಯ್ತು” ಎಂದೆ. ಅವನಿಗಿಂತ ಜೋರಾಗಿ ನಾನೇ ನಕ್ಕೆ ಎಂದು ನೆನಪು.

ಶುಕ್ರವಾರ ಏನಾಯಿತೆಂದು ಯಾರೂ ಈಗ ಒಪ್ಪದಿದ್ದರೂ ಬರೆಯುತ್ತೇನೆ. ಮಾವಿನ ಮರದ ಕೆಳಗೆ ಚಪ್ಪರ ಹಾಕಿದ್ದರು. ಸಾಹೇಬರ ಬಲಕ್ಕೆ ಯಾರು, ಎಡಕ್ಕೆ ಯಾರು ಎಂದು ಸಮಿತಿಯವರು ಒಂದು ತಾಸು ಕುರ್ಚಿ ಎಳೆದಾಡಿದರು. ಬಂದದ್ದು ಸಾಹೇಬರಲ್ಲ, ಮೋಟಾರಿನಲ್ಲಿ ಅವರ ಚೀಟಿ. ಶಿರಸಿಯಲ್ಲಿ ಮೇಲಿನವರ ಕ್ಯಾಂಪು, ಬರಲಾಗದು ಎಂದಿತ್ತು. ಸಾಹೇಬರಿಲ್ಲದೆ ಪ್ರಾರಂಭ ಹೇಗೆ ಎಂದು ಮಾವ ಎದ್ದರು, ಅವರ ಹಿಂದೆ ಉಳಿದವರೂ ಎದ್ದರು. ಪಾನಕವನ್ನು ಶಾಲೆಯ ಬಾವಿಯ ನೀರಿನಲ್ಲಿ ಮೊದಲೇ ಮಾಡಿಟ್ಟಿದ್ದರು, ಅದನ್ನು ಕುಡಿದು ಸಂತೆಗೆ ಚದುರಿದರು. ಗುತ್ಯಮ್ಮ ದೂರದಲ್ಲಿ ಕೊಡ ಹಿಡಿದು ನಿಂತಿದ್ದಳು. ಹೊಸ ಹಗ್ಗ ಮೆತ್ತಗಾಗಲೆಂದು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿ ತಂದಿದ್ದಳು. ಎಲ್ಲರೂ ಹೋದ ಮೇಲೂ ನಿಂತೇ ಇದ್ದಳು. ನಾನು ಹತ್ತಿರ ಹೋದೆ. ಅವಳು ಹಗ್ಗ ಹೆಗಲಿಗೆ ಹಾಕಿಕೊಂಡು ಹಳ್ಳದ ದಾರಿ ಹಿಡಿದಳು.

ವರದಿಯನ್ನು ತಡೆಯಲು ಟಪ್ಪಾಲು ಕಚೇರಿಗೆ ತಂತಿ ಕೊಡಲು ಓಡಿದ್ದೆನೆಂದು ಬಹಳ ವರ್ಷ ನಂಬಿದ್ದೆ. ಈಗ ಅನುಮಾನವಿದೆ. ನಮ್ಮ ಟಪ್ಪಾಲು ಕಚೇರಿಯಲ್ಲಿ ಆಗ ತಂತಿ ಇತ್ತೇ ಎಂಬುದೇ ನೆನಪಾಗುವುದಿಲ್ಲ.

ಭಾನುವಾರ ಪತ್ರಿಕೆ ಬಂತು. ಮಾವ ಕನ್ನಡಕ ಏರಿಸಿ ಎರಡು ಸಲ ಓದಿದರು.

“ಚೊಲೊ ಬರದ್ದೆ ತಮಾ. ಆನು ಹೇಳಿದ್ದು ಹೆಚ್ಚುಕಮ್ಮಿ ಎಲ್ಲಾ ಬೈಂದು.”

“ಮಾವ, ನೀವು ಭಾಷಣ ಮಾಡಿದ್ದೇ ಇಲ್ಲೆ. ಸಭೆನೇ ಆಯ್ದಿಲ್ಲೆ.”

“ಆಯ್ದಿಲ್ಲೆ ಹೇಳದು ಹ್ಯಾಂಗೆ? ಪಾನಕ ಕುಡದ್ದು ಸುಳ್ಳಾ?”

“ಮುಂದಿನ ಶುಕ್ರವಾರ ಮತ್ತೆ ಇಟ್ಕಳಿ. ಗುತ್ಯಮ್ಮನ ಕೈಲಿ...”

“ಆದ ಕಾರ್ಯ ಎರಡು ಸಲ ಎಂತಕ್ಕೆ ಮಾಡದು? ಜನ ನಗ್ತ. ಪೇಪರಲ್ಲಿ ಬಂದು ಹೋತು ಮಾರಾಯ!”

ನಾನು ತಮಾಷೆಯೆಂದುಕೊಂಡೆ. ಮಾವ ತಮಾಷೆ ಮಾಡುತ್ತಿರಲಿಲ್ಲ. ಪೇಟೆಗೆ ಹೋದರೆ ಎಲ್ಲ ಕಡೆಯೂ ಇದೇ. ಕುರ್ಚಿ ಎಳೆದಾಡಿದವರು, ಪಾನಕ ಕುಡಿದವರು, ಸಾಹೇಬರ ಚೀಟಿಯನ್ನು ಕಣ್ಣಾರೆ ಕಂಡವರು, ಎಲ್ಲರೂ ಸಮಾರಂಭ ಚೆನ್ನಾಗಾಯಿತೆಂದು ನನಗೇ ಹೇಳುತ್ತಿದ್ದರು. ಸೋಮವಾರದಿಂದ ಮೂರು ರಾಟೆಗಳೂ ಕಿರುಗುಟ್ಟತೊಡಗಿದವು. ಕೆಳಕೇರಿಯವರನ್ನು ಯಾರೂ ಕರೆಯಲಿಲ್ಲ, ಅವರು ಬರಲೂ ಇಲ್ಲ.

ಸಿದ್ದಾಪುರಕ್ಕೆ ನಡೆದುಹೋಗಿ ಸಾಹೇಬರನ್ನು ಕಂಡೆ. ಧಾರವಾಡದ ಕಡೆಯವರು, ಸಜ್ಜನರು.

“ಬರ್ರಿ, ಬರ್ರಿ. ಭಾಳ ಛಲೋ ಬರದೀರಿ. ಅದನ್ನ ಕತ್ತರಿಸಿ ವರದಿಗೆ ಹಚ್ಚಿ ಕಾರವಾರಕ್ಕ ಕಳಿಸೇನಿ.”

“ಆದರೆ ಸಮಾರಂಭ ನಡೆಯಲೇ ಇಲ್ಲ. ನೀವೇ ಬಂದಿರಲಿಲ್ಲವಲ್ಲ, ಸಾಹೇಬರೇ!”

“ಬಂದಿದ್ದೆ ಅಂತ ಬರದವ್ರು ಯಾರ್ರಿ?” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಈಗ ನಾ ಬಂದಿಲ್ಲಂದ್ರ ನಂದೂ ಸುಳ್ಳು, ನಿಮ್ದೂ ಸುಳ್ಳು. ಫೈಲು ಮುಗದೈತಿ. ಸುಮ್ನಿದ್ದುಬಿಡ್ರಿ” ಎಂದರು.

ತಿದ್ದುಪಡಿ ಬರೆದು ಸಂಪಾದಕರಿಗೆ ಕಳಿಸಿದೆ. ಅವರ ಕಾರ್ಡು ಬಂತು: ನಡೆದದ್ದನ್ನು ಅಚ್ಚು ಹಾಕಲಿಕ್ಕೇ ಜಾಗ ಸಾಲದು, ನಡೆಯದೇ ಇದ್ದುದನ್ನು ಎಲ್ಲಿ ಹಾಕುವುದು? ಇಷ್ಟಕ್ಕೇ ಮುಗಿದಿತ್ತು. ಹೆಂಗಸೊಬ್ಬಳಿಗೆ ನೀರು ಕೊಡಿಸುತ್ತೇನೆಂದು ಹೊರಟು, ಅವಳು ಅದನ್ನು ಕೇಳಲಾಗದಂತೆ ನಾನೇ ಬಾಗಿಲು ಹಾಕಿದ್ದೆ. ಊರಿನ ಮೇಲೆ ಸಿಟ್ಟು, ಸಂಪಾದಕರ ಮೇಲೆ ಸಿಟ್ಟು. ಊಟದ ಹೊತ್ತಿಗೆ ಮಾವನ ಎದುರು ಕೂರಲಾಗುತ್ತಿರಲಿಲ್ಲ. ಕೆಳಕೇರಿಯ ದಾರಿಯಲ್ಲಿ ಓಡಾಡುವುದನ್ನೇ ಬಿಟ್ಟೆ.

ಗುತ್ಯಮ್ಮನೇ ಬಂದಳು. ಅಂಗಳದ ಆಚೆ, ಬೇಲಿಯ ದಣಪೆಯ ಹತ್ತಿರ ನಿಂತು ಕೂಗಿದಳು.

“ನಾ ಬಾವಿ ನೀರು ಸೇದೀನಂತೆ! ಖಾದರ್ ಸಾಬ್ರು ಹೇಳಿದ್ರು. ಹೌದಾ ಒಡ್ಯಾ?”

ನಾನು ಪತ್ರಿಕೆ ಹಿಡಿದು ಹೊರಗೆ ಹೋದೆ. ಬಾಯಿಗೆ ಬಂದ ಕ್ಷಮೆಯ ಮಾತನ್ನು ಅವಳು ಕೇಳಿಸಿಕೊಳ್ಳಲಿಲ್ಲ. “ಓದಿ” ಎಂದಳು. ಓದಿದೆ. “ಇನ್ನೊಂದ್ ಸಲ.” ಮತ್ತೆ ಓದಿದೆ.

“ನನ್ ಹೆಸ್ರು ಎಲ್ಲೈತೆ?” ತೋರಿಸಿದೆ. “ತಿಮ್ಮಪ್ಪೊಡೇರ್ದು?” ಅದನ್ನೂ ತೋರಿಸಿದೆ. “ಅವ್ರು ಎಂತ ಹೇಳಿದ್ರು ಅಂತ ಐತೆ?”

“ನೀರು ಕೊಡುವುದು ದೊಡ್ಡ ಪುಣ್ಯ ಅಂತ.”

“ಓಹೋ” ಎಂದಳು. “ಈ ಕಾಗ್ದ ನಂಗೆ ಕೊಡಿ.”

ಮರುದಿನ ಬೆಳಗಿನ ದೃಶ್ಯ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅದೇ ನನಗೆ ತೊಂದರೆ. ನಾನು ಅದನ್ನು ನೋಡುವುದು ಶಾಲೆಯ ಮಾಡಿನಷ್ಟು ಎತ್ತರದಿಂದ, ಅಲ್ಲಿಗೆ ನಾನು ಎಂದೂ ಹತ್ತಿದವನಲ್ಲ. ಹಾಗಾಗಿ ಅರ್ಧ ನೋಡಿದ್ದು, ಅರ್ಧ ಖಾದರ್ ಸಾಬ ಹೇಳಿದ್ದು ಇರಬೇಕು. ಮೂರು ರಾಟೆಗಳ ಹತ್ತಿರವೂ ಜನ. ಮಾವ ಗಿಡಕ್ಕೆ ನೀರು ಹೊಯ್ಯಿಸಲು ಆಳನ್ನು ಕರೆದುಕೊಂಡು ಬಂದಿದ್ದರು. ಗುತ್ಯಮ್ಮ ಕೊಡ ಎತ್ತಿಕೊಂಡು, ಹಗ್ಗ ಹೆಗಲಿಗೆ ಹಾಕಿಕೊಂಡು, ಪತ್ರಿಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಕಟ್ಟೆಯತ್ತ ನಡೆದಳು. ಯಾರೋ “ಏಯ್!” ಎಂದರು.

ಮಾವ ಕೇಳಿದರು, “ಎಂತದೇ ಗುತ್ಯಮ್ಮ?”

“ನೀರಿಗೆ ಬಂದೆ ಒಡ್ಯಾ.”

“ನೀರಿಗಾ? ಯಾರು ಹೇಳಿದ್ದು?”

“ಯಾರ್ ಹೇಳ್ಬೇಕು? ಇದು ಎರಡ್ನೇ ಕೊಡ. ಮೊದಲ್ನೇದು ಆವತ್ತು ನಾನೇ ಸೇದಿದ್ನಲ್ಲ, ನೀವು ಭಾಷ್ಣ ಮಾಡಿದ್ ದಿನ. ಮರ್ತೋಯ್ತಾ?” ಎಂದು ಪತ್ರಿಕೆ ತೆಗೆದು ಎರಡೂ ಕೈಯಲ್ಲಿ ಬಿಡಿಸಿ ಹಿಡಿದಳು. ತಲೆಕೆಳಗಾಗಿ ಹಿಡಿದಿದ್ದಳಂತೆ. “ಇಲ್ಲೇ ಐತಲ್ರಾ, ಇವ್ರೆಲ್ಲಾ ಆ ನೀರಿನ ಪಾನಕ ಕುಡ್ದಾರೆ. ಇಲ್ಲಾ ಅನ್ನೋರು ಯಾರಾರ ಅದೀರಾ?”

ಯಾರೂ ಇಲ್ಲ ಎನ್ನಲಿಲ್ಲ. ಎನ್ನುವುದು ಹೇಗೆ? ಎಂಟು ಹತ್ತು ದಿನಗಳಿಂದ ಅವರೆಲ್ಲ ಆ ಪಾನಕದ ರುಚಿಯನ್ನೇ ವರ್ಣಿಸುತ್ತಿದ್ದರು. ಅವಳು ಸೇದಿಲ್ಲವೆಂದರೆ ಮಾವನ ಭಾಷಣವೂ ಆಗಿಲ್ಲ, ಸಾಹೇಬರೂ ಬಂದಿಲ್ಲ, ಕಾರವಾರಕ್ಕೆ ಹೋದ ಕಾಗದವೂ ಸುಳ್ಳು. ಮಾವ ಸುತ್ತಮುತ್ತ ನೋಡಿದರು. ಎಲೆಯಡಿಕೆ ಉಗುಳಿದರು. ಕೊನೆಗೆ ಕೈಯನ್ನು ಪೂರ್ವಕ್ಕೆ ಬೀಸಿ, “ಆ ಬದಿಗೆ ಹೋಗು, ಆ ಬದಿಗೆ!” ಎಂದರು.

ಪೂರ್ವದ ಬದಿಗೆ ಹಾಸುಗಲ್ಲೂ ಇರಲಿಲ್ಲ, ರಾಟೆಯೂ ಇರಲಿಲ್ಲ. ಬಾವಿಯಿಂದ ತೆಗೆದ ಮಣ್ಣನ್ನು ಅಲ್ಲೇ ಸುರಿದು ಬಿಟ್ಟಿದ್ದರು. ಅವಳು ಆ ಗುಡ್ಡೆ ಹತ್ತಿ, ಕಟ್ಟೆಯ ಕಲ್ಲಿಗೆ ಮೊಣಕಾಲು ಆನಿಸಿ, ಕಲ್ಲಿನ ಅಂಚಿನ ಮೇಲೆಯೇ ಹಗ್ಗ ಬಿಟ್ಟು ಕೊಡ ಸೇದಿದಳು. ಮೂರು ಬದಿಯವರೂ ಅವಳ ಕೊಡ ಮೇಲೆ ಬರುವವರೆಗೆ ತಮ್ಮ ರಾಟೆ ನಿಲ್ಲಿಸಿದ್ದರು. ಮಧ್ಯಾಹ್ನದೊಳಗೆ ಕೆಳಕೇರಿಯ ಮತ್ತೆ ನಾಲ್ಕು ಹೆಂಗಸರು ಬಂದರೆಂದು ಕೇಳಿದೆ. ಮಗಳು ಬದುಕಿದಳು, ಕೂಸೂ ಬದುಕಿತು. ಮೈಲಿಗೆಯಾಯಿತೆಂದು ಎರಡು ಮನೆಯವರು ಆ ಬಾವಿಯ ನೀರು ಬಿಟ್ಟರಂತೆ, ಜ್ಯೇಷ್ಠದ ಬಿಸಿಲಿಗೆ ತಮ್ಮ ಬಾವಿ ತಳ ಕಂಡಾಗ ಮತ್ತೆ ಬಂದರಂತೆ.

ಮೊದಲ ಮಳೆಗೆ ನಾನು ಕಾನೂನು ಓದಲು ಪುಣೆಗೆ ಹೊರಟೆ. ಬಾತ್ಮೀದಾರಿಕೆ ಬಿಟ್ಟೆ. ಆ ಬದಿಯಲ್ಲಿ ಅವರು ಸೇದುತ್ತಲೇ ಉಳಿದರೋ, ನಾನು ಹೋದ ಮೇಲೆ ಮಾವನಂಥವರು ಮೆಲ್ಲಗೆ ನಿಲ್ಲಿಸಿದರೋ, ತಿಳಿಯುವ ದಾರಿಯಿರಲಿಲ್ಲ. ರಜೆಗೆ ಬಂದಾಗ ಕೇಳಿದರೆ ಎಲ್ಲರದೂ ಒಂದೇ ಉತ್ತರ: ಮೊದಲ ದಿನದಿಂದಲೂ ನಮ್ಮೂರಿನಲ್ಲಿ ಭೇದವೇ ಇರಲಿಲ್ಲ, ಪೇಪರಿನಲ್ಲೇ ಬಂದಿತ್ತಲ್ಲ. ಇಂಥ ಉತ್ತರವನ್ನು ನಾನು ಹೇಗೆ ನಂಬಲಿ? ಅದನ್ನು ಬರೆದವನೇ ನಾನು!

ಹತ್ತು ವರ್ಷದ ಮೇಲೆ ಗುತ್ಯಮ್ಮ ಒಮ್ಮೆ ಸಂತೆಯಲ್ಲಿ ಸಿಕ್ಕಳು. ಅವಳಾದರೂ ನನ್ನ ಪಕ್ಷಕ್ಕೆ ಸಾಕ್ಷಿಯಾಗುತ್ತಾಳೆಂದು, “ಆ ಶುಕ್ರವಾರ ನಿನಗೆ ಸೇದಲು ಬಿಡಲೇ ಇಲ್ಲ, ನೆನಪಿದೆಯಾ?” ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಎಂತ ಹೇಳ್ತೀರಿ ಒಡ್ಯಾ? ಮೊದಲ್ನೇ ಕೊಡ ನಾನೇ ಅಲ್ದಾ ಸೇದಿದ್ದು? ನೀವೇ ಇದ್ರಲ್ಲ ಅಲ್ಲಿ. ಪ್ಯಾಟೆ ಸೇರಿ ನಿಮಗೆ ಮರವು ಬಂದೈತೆ.”

ಅಲ್ಲಿಂದ ಮುಂದೆ ನಾನು ಆ ಪ್ರಶ್ನೆಯನ್ನು ಯಾರಿಗೂ ಕೇಳಿಲ್ಲ.

ಹೋದ ತಿಂಗಳು ಹಗ್ಗದ ವಾಸನೆ ಕುಡಿದು ಸುಮ್ಮನೆ ಮನೆಗೆ ಬರಲಾಗಲಿಲ್ಲ. ಬಸ್ಸು ಹತ್ತಿ ಹೋಗಿ ಬಾವಿ ನೋಡಿ ಬಂದೆ. ಮನೆಮನೆಗೆ ನಲ್ಲಿ ಬಂದು ಬಾವಿಗೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಆ ಪ್ರಾರಂಭೋತ್ಸವದ ಬಗ್ಗೆ ಅಲ್ಲಿ ಏನೂ ತಿಳಿಯಲಿಲ್ಲ. ಇಷ್ಟು ಮಾತ್ರ ಕೈಯಿಟ್ಟು ಪರೀಕ್ಷಿಸಿ ಬಂದಿದ್ದೇನೆ: ರಾಟೆ ಇದ್ದ ಮೂರು ಬದಿಯ ಕಲ್ಲಿನ ಅಂಚು ಇವತ್ತಿಗೂ ನೇರವಾಗಿದೆ, ಪೂರ್ವದ ಕಲ್ಲಿನಲ್ಲಿ ಹಗ್ಗ ಸವೆಸಿದ ಒಂಬತ್ತು ಗೆರೆಗಳಿವೆ, ಒಂದೊಂದರಲ್ಲೂ ನನ್ನ ತೋರುಬೆರಳು ಪೂರ್ತಿ ಮುಳುಗುತ್ತದೆ.